ಸಾಂಬಾರ ಪದಾರ್ಥಗಳ ಪಂಚಾಂಗ

ತಂಗಿಯ ಮಗಳು ಮದುವೆಯಾಗಿ ಪುಣೆಯಲ್ಲಿ ಮನೆ ಹೂಡಿದಾಗ, “ದೊಡ್ಡಮ್ಮ, ಅಡುಗೆಮನೆಗೆ ಏನೇನು ಸಾಂಬಾರ ಸಾಮಾನು ಬೇಕಾಗುತ್ತೆ ಅಂತ ಒಂದು ಪಟ್ಟಿ ಬರೆದು ಕಳಿಸ್ತೀರಾ?” ಎಂದು ಕೇಳಿದಳು. ಅಷ್ಟರಲ್ಲಾಗಲೇ ಅವಳು ಅಂತರ್ಜಾಲದಲ್ಲಿ ಅಂಥ ಹಲವು ಪಟ್ಟಿಗಳನ್ನು ನೋಡಿದ್ದಳು. ಒಂದೇ ಅಳತೆಯ ಗಾಜಿನ ಶೀಶೆಗಳು, ಅವುಗಳ ಮೇಲೆ ಅಂಟಿಸಲು ಹೆಸರಿನ ಚೀಟಿಗಳು, ಜೊತೆಗೆ ಮೂವತ್ತು ಬಗೆಯ ಪುಡಿ, ಎಲೆ, ಕಾಳುಗಳ ಹೆಸರು. ಆ ಪಟ್ಟಿಗಳಲ್ಲಿ ಜೀರಿಗೆಗೂ ಜಾಪತ್ರೆಗೂ ಒಂದೇ ಅಳತೆಯ ಶೀಶೆ. ದಿನಕ್ಕೆರಡು ಸಲ ಒಗ್ಗರಣೆಗೆ ಬೀಳುವ ಸಾಸಿವೆಯೂ, ವರ್ಷಕ್ಕೆ ನಾಲ್ಕಾರು ಬಾರಿ ಪಲಾವಿಗೆ ಬೇಕಾಗುವ ಮರಾಠಿ ಮೊಗ್ಗೂ ಸಮಸಮನಾಗಿ ಸಾಲಿನಲ್ಲಿ ನಿಂತಿರುತ್ತವೆ. ನೋಡಲು ಚೆಂದ. ಆದರೆ ಅಂಥ ಕಪಾಟನ್ನು ಆರು ತಿಂಗಳು ಬಿಟ್ಟು ತೆರೆದು ಮೂಸಿದರೆ ಅರ್ಧಕ್ಕರ್ಧ ಶೀಶೆಗಳಿಂದ ಬರುವುದು ಬರೀ ಧೂಳಿನ ವಾಸನೆ.

ಪಟ್ಟಿ ಬರೆಯಲು ಕುಳಿತೆ. ನಮ್ಮಲ್ಲಿ ಸಾಮಾನಿನ ಚೀಟಿ ಬರೆಯುವಾಗ ಮೊದಲ ಸಾಲಿನಲ್ಲಿ ಅರಿಶಿನ ಬರೆಯುವುದು ವಾಡಿಕೆ, ಹಾಗೆಯೇ ಆರಂಭಿಸಿದೆ. ಸಾಸಿವೆ, ಜೀರಿಗೆ, ಮೆಂತ್ಯ, ಕೊತ್ತಂಬರಿ ಬೀಜ, ಕಾಳುಮೆಣಸು, ಒಣಮೆಣಸಿನಕಾಯಿ, ಇಂಗು, ಚಕ್ಕೆ, ಲವಂಗ, ಏಲಕ್ಕಿ, ಗಸಗಸೆ ಎಂದು ಹೆಸರುಗಳು ಬರುತ್ತಾ ಹೋದವು. ಬರೆದು ಮುಗಿಸಿದ ಮೇಲೂ ಆ ಹುಡುಗಿಗೆ ಬೇಕಾದದ್ದನ್ನು ಕೊಟ್ಟಂತೆ ಅನಿಸಲಿಲ್ಲ. ಹೆಸರುಗಳು ಯಾವ ಅಂಗಡಿಯ ಗೋಡೆಯ ಮೇಲೆಯೂ ಸಿಗುತ್ತವೆ. ಪ್ರತಿಯೊಂದನ್ನೂ ವರ್ಷದ ಯಾವ ಹೊತ್ತಿನಲ್ಲಿ, ಯಾವ ರೂಪದಲ್ಲಿ, ಎಷ್ಟು ತಂದು, ಎಲ್ಲಿಟ್ಟರೆ ಎಷ್ಟು ದಿನ ಬಾಳುತ್ತದೆ ಎಂಬುದು ನಮ್ಮ ತಾಯಂದಿರಿಗೆ ಗೊತ್ತಿತ್ತು, ಅವರ ಚೀಟಿಯಲ್ಲಿ ಅದು ಬರೆಯದೆಯೇ ಇರುತ್ತಿತ್ತು. ಹೆಸರುಗಳು ನಮ್ಮವರೆಗೆ ಬಂದಿವೆ, ಆ ತಿಳಿವಳಿಕೆ ಮಾತ್ರ ದಾರಿಯಲ್ಲೇ ಸೋರಿಹೋಗುತ್ತಿದೆ ಎಂಬುದು ಬಹಳ ದಿನಗಳಿಂದ ನನ್ನನ್ನು ಕಾಡುತ್ತಿರುವ ಸಂಗತಿ.

ಶಿವರಾತ್ರಿಯಿಂದ ಯುಗಾದಿಯವರೆಗೆ

ನಾನು ಬೆಳೆದದ್ದು ಅರಸೀಕೆರೆಯಲ್ಲಿ. ಅಲ್ಲಿಯ ಬೇಸಿಗೆಯ ಬಿಸಿಲು ತೆಂಗಿನ ತೋಟದ ನೆರಳಿನಲ್ಲಿ ನಿಂತರೂ ತಟ್ಟುತ್ತದೆ. ಶಿವರಾತ್ರಿ ಕಳೆಯುತ್ತಿದ್ದಂತೆ ಅಮ್ಮ ವರ್ಷದ ಸಾಮಾನಿಗೆ ಕೈ ಹಾಕುತ್ತಿದ್ದರು. ಮೆಣಸಿನಕಾಯಿಯ ಮೂಟೆ, ಹೊಸ ಹುಣಸೆಹಣ್ಣು, ಕೊತ್ತಂಬರಿ ಬೀಜ, ಅರಿಶಿನದ ಕೊನೆ ಒಂದೊಂದಾಗಿ ಮನೆ ಸೇರುತ್ತಿದ್ದವು. ಮಹಡಿಯ ಮೇಲೆ ಹಳೆಯ ಪಂಚೆ ಹಾಸಿ ಮೆಣಸಿನಕಾಯಿ ಹರವುವುದು, ಸಂಜೆ ಮಂಜು ಬೀಳುವ ಮೊದಲು ಬಾಚಿ ಒಳಗೆ ತರುವುದು, ಮಧ್ಯಾಹ್ನ ಜಗುಲಿಯಲ್ಲಿ ಕುಳಿತು ತೊಟ್ಟು ಬಿಡಿಸುವುದು ಮಕ್ಕಳ ಪಾಲಿನ ಕೆಲಸ. ಹುಣಸೆಹಣ್ಣಿನ ಬೀಜ, ನಾರು ತೆಗೆದು, ಹರಳುಪ್ಪು ಬೆರೆಸಿ ಉಂಡೆ ಕಟ್ಟಿ ಜಾಡಿಯಲ್ಲಿ ಒತ್ತುವುದು ಅಜ್ಜಿಯದು.

ಈ ಗಡಿಬಿಡಿಯೆಲ್ಲ ಅದೇ ಹೊತ್ತಿನಲ್ಲಿ ಏಕೆ ಎಂಬುದು ಆಗ ತಿಳಿದಿರಲಿಲ್ಲ. ನಮ್ಮ ಸಾಂಬಾರ ಪದಾರ್ಥಗಳ ಸುಗ್ಗಿಯನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಕಾರಣ ಕಾಣುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಹೊಸ ಮೆಣಸಿನಕಾಯಿ ಭರದಿಂದ ಬರುವುದು ಜನವರಿಯಿಂದ ಏಪ್ರಿಲ್‌ವರೆಗೆ. ಚಾಮರಾಜನಗರದ ಕಡೆಯ ಅರಿಶಿನ ಕಿತ್ತು, ಬೇಯಿಸಿ, ಒಣಗಿಸಿ ಮಾರಾಟಕ್ಕೆ ಬರುವುದೂ ಆ ತಿಂಗಳುಗಳಲ್ಲೇ. ಗುಜರಾತ್, ರಾಜಸ್ಥಾನದ ಜೀರಿಗೆ ಕೊಯ್ಲಾಗಿ ಗುಜರಾತಿನ ಊಂಝಾದ ಮಾರುಕಟ್ಟೆಗೆ ಇಳಿಯುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಕೊತ್ತಂಬರಿ, ಮೆಂತ್ಯ, ಸಾಸಿವೆಗಳೂ ಹಿಂಗಾರಿನ ಬೆಳೆಗಳೇ. ಮಲೆನಾಡಿನಲ್ಲಿ ಕಾಳುಮೆಣಸು ಕೊಯ್ದು ಒಣಗಿಸುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಹುಣಸೆ ಉದುರುವುದೂ ಅದೇ ಕಾಲಕ್ಕೆ. ಹೊಸ ಮಾಲು ಸಿಗುವುದು, ತೇವವಿಲ್ಲದ ಬಿಸಿಲು ಬೀಳುವುದು, ಮುಂಗಾರಿಗೆ ಇನ್ನೂ ಎರಡು ತಿಂಗಳು ಇರುವುದು, ಈ ಮೂರೂ ಕೂಡಿಬರುವ ಅವಧಿ ಶಿವರಾತ್ರಿ ಮತ್ತು ಯುಗಾದಿಯ ಆಸುಪಾಸು ಮಾತ್ರ. ಅಮ್ಮ ಯಾವ ಕೃಷಿ ಪತ್ರಿಕೆಯನ್ನೂ ಓದಿದವರಲ್ಲ. ಆದರೆ ಈ ಪಂಚಾಂಗ ಅವರ ಕೈಯಲ್ಲಿ ಇತ್ತು.

ಸಾರಿನ ಪುಡಿ, ಹುಳಿಪುಡಿ ಮಾಡಿಸುವ ದಿನದ ನೆನಪು ಇನ್ನೂ ಹಸಿಯಾಗಿದೆ. ಬೆಳಿಗ್ಗೆಯೇ ಕಬ್ಬಿಣದ ಬಾಣಲೆಯಲ್ಲಿ ಒಂದೊಂದನ್ನೂ ಬೇರೆ ಬೇರೆಯಾಗಿ ಹುರಿಯುತ್ತಿದ್ದರು. ಮೆಂತ್ಯಕ್ಕೆ ಒಂದು ಹದ, ಕೊತ್ತಂಬರಿಗೆ ಇನ್ನೊಂದು. ಮೆಂತ್ಯ ಒಂದಿಷ್ಟು ಹೆಚ್ಚು ಹುರಿದರೆ ಇಡೀ ಡಬ್ಬದ ಪುಡಿ ಕಹಿ ಎಂದು ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಮೆಣಸಿನಕಾಯಿಗೆ ಒಂದು ಚಮಚ ಎಣ್ಣೆ ಸವರಿ, ಗರಿಗರಿಯಾಗುವಷ್ಟು ಮಾತ್ರ ಬೆಚ್ಚಗೆ ಮಾಡುತ್ತಿದ್ದರು. ಆಮೇಲೆ ಎಲ್ಲವನ್ನೂ ದೊಡ್ಡ ಡಬ್ಬಕ್ಕೆ ತುಂಬಿಕೊಂಡು ನಾನೂ ಅಮ್ಮನೂ ಗಿರಣಿಗೆ. ರಾಗಿ, ಗೋಧಿ, ಅಕ್ಕಿಗೆ ಒಂದು ಯಂತ್ರ, ಕಾರದ ಪುಡಿಗೆ ಬೇರೆಯೇ ಯಂತ್ರ. ಅಮ್ಮನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಇದಕ್ಕೆ ಮುಂಚೆ ಏನು ಬೀಸಿದ್ರಿ?” ಕಲ್ಲಿನಲ್ಲಿ ಹಿಂದಿನವರ ಪುಡಿ ಉಳಿದಿರುತ್ತದೆ. ಹಿಂದಿನವರದು ಮಸಾಲೆಯ ಖಾರವಾಗಿದ್ದರೆ ನಮ್ಮ ಸಾರಿಗೆ ಚಕ್ಕೆ ಲವಂಗದ ವಾಸನೆ ಹತ್ತುತ್ತದೆ. ಹಾಗಿದ್ದಾಗ ಒಂದು ಹಿಡಿ ಕೊತ್ತಂಬರಿ ಬೀಜವನ್ನು ಮೊದಲು ಹಾಕಿಸಿ, ಬಂದ ಪುಡಿಯನ್ನು ಬೇರೆ ಪೊಟ್ಟಣಕ್ಕೆ ತೆಗೆಸಿ, ಆಮೇಲೆ ನಮ್ಮದನ್ನು ಸುರಿಸುತ್ತಿದ್ದರು.

ಯಂತ್ರದ ಬಾಯಿಗೆ ಕಟ್ಟಿದ ಬಟ್ಟೆಯ ತೋಳು ಉಬ್ಬಿಕೊಂಡು ಅಲುಗಾಡುತ್ತಿದ್ದಂತೆ ಗಿರಣಿಯಲ್ಲಿ ನಿಂತವರೆಲ್ಲ ಸೆರಗು, ಟವೆಲ್ಲು ಮೂಗಿಗೆ ಒತ್ತಿಕೊಳ್ಳುತ್ತಿದ್ದರು. ಗಿರಣಿಯವರು ಮಾತ್ರ ಕೆಮ್ಮದೆ, ಬೀಳುವ ಪುಡಿಯನ್ನು ಎರಡು ಬೆರಳಿನ ನಡುವೆ ಹಿಸುಕಿ ನುಣುಪು ನೋಡಿ ಮತ್ತೊಮ್ಮೆ ಸುರಿಯುತ್ತಿದ್ದರು. ಡಬ್ಬ ಕೈಗೆ ಬಂದಾಗ ತಳ ಮುಟ್ಟಲಾಗದಷ್ಟು ಬಿಸಿ. ಮನೆಗೆ ಬಂದೊಡನೆ ಆ ಪುಡಿಯನ್ನು ನೆರಳಿನಲ್ಲಿ ಅಗಲವಾಗಿ ಹರವಿ, ಪೂರ್ತಿ ಆರುವವರೆಗೆ ಜಾಡಿಯ ಹತ್ತಿರಕ್ಕೂ ತರಗೊಡುತ್ತಿರಲಿಲ್ಲ. ಬಿಸಿಯಲ್ಲೇ ತುಂಬಿದರೆ ಮುಚ್ಚಳದ ಒಳಗೆ ಬೆವರು ಕಟ್ಟಿ, ಆ ನೀರು ಪುಡಿಗಿಳಿದು, ಮಳೆಗಾಲದ ಹೊತ್ತಿಗೆ ಗಂಟುಗಂಟಾಗುತ್ತದೆ. ಆರಿದ ಮೇಲೆ ಇಂಗಿನ ಪುಡಿ ಬೆರೆಸಿ ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಕತ್ತಲೆಯ ಉಗ್ರಾಣದ ಮೂಲೆಯಲ್ಲಿಡುತ್ತಿದ್ದರು.

ಹಾಗಾದರೆ ಇಂದು ನಾವೂ ಹಾಗೆಯೇ ವರ್ಷಕ್ಕಾಗುವಷ್ಟು ಮಾಡಿಟ್ಟುಕೊಳ್ಳಬೇಕೆ? ಬೇಡ ಎಂಬುದು ನನ್ನ ಅಭಿಪ್ರಾಯ. ಆ ಮನೆಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಮಂದಿಗೆ ಅಡುಗೆಯಾಗುತ್ತಿತ್ತು. ಮಣ್ಣಿನ ಗೋಡೆಯ ಉಗ್ರಾಣ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಸಕಲೇಶಪುರದ ಕಡೆಯ ನಮ್ಮ ಚಿಕ್ಕಮ್ಮನ ಮನೆಯಲ್ಲಂತೂ ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಸಿಲಿನ ಮುಖವಿಲ್ಲ. ಅಲ್ಲಿ ಮೆಣಸಿನಕಾಯಿ, ಹುಳಿಗೆ ಹಾಕುವ ಉಪ್ಪಾಗೆಯ ಸಿಪ್ಪೆಗಳೆಲ್ಲ ಒಲೆಯ ಮೇಲಿನ ಅಟ್ಟದಲ್ಲಿರುತ್ತಿದ್ದವು. ಕೆಳಗಿನಿಂದ ಏರುವ ಹೊಗೆ ಮತ್ತು ಬಿಸಿ ಅವುಗಳಿಗೆ ತೇವ ತಾಗದಂತೆ, ಹುಳು ಹಿಡಿಯದಂತೆ ಕಾಯುತ್ತಿತ್ತು. ಗ್ಯಾಸಿನ ಒಲೆ, ಅಂಟಿಕೊಂಡ ಅಪಾರ್ಟ್‌ಮೆಂಟುಗಳು, ಇಬ್ಬರು ಮೂವರ ಸಂಸಾರ ಇರುವ ಈಗಿನ ಅಡುಗೆಮನೆಯಲ್ಲಿ ಆ ಉಗ್ರಾಣವೂ ಇಲ್ಲ, ಆ ಹೊಗೆಯೂ ಇಲ್ಲ. ಪಂಚಾಂಗವನ್ನು ಉಳಿಸಿಕೊಂಡು ಪ್ರಮಾಣವನ್ನು ಬದಲಿಸಬೇಕು. ಹೊಸ ಮಾಲು ಬಂದಾಗ ಇಡಿ ಪದಾರ್ಥವನ್ನು ಕೊಂಡು, ಪುಡಿಯನ್ನು ಮಾತ್ರ ಆಗಾಗ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳುವುದು ಸರಿಯಾದ ದಾರಿ ಎಂದು ನನಗೆ ತೋರುತ್ತದೆ.

ಇಡಿಯಾಗಿ ಬಾಳುವುದು, ಪುಡಿಯಾಗಿ ಹೋಗುವುದು

ಸಾಂಬಾರ ಪದಾರ್ಥಗಳಲ್ಲಿ ನಮಗೆ ಬೇಕಾದದ್ದು ಬಹುಮಟ್ಟಿಗೆ ಅವುಗಳೊಳಗಿನ ಎಣ್ಣೆ. ಗಾಳಿಗೆ ಆರಿಹೋಗುವ ಎಣ್ಣೆ ಅದು. ಕಾಳಿನ ಸಿಪ್ಪೆ ಇರುವವರೆಗೆ ಅದು ಒಳಗೆ ಭದ್ರ. ಪುಡಿ ಮಾಡಿದ ಕ್ಷಣದಿಂದ ಹೊರಡಲು ಶುರು. ಆದ್ದರಿಂದ ಚೆನ್ನಾಗಿ ಒಣಗಿದ ಇಡಿ ಜೀರಿಗೆ, ಕೊತ್ತಂಬರಿ, ಕಾಳುಮೆಣಸು, ಲವಂಗಗಳು ಒಂದು ವರ್ಷ ನಿಶ್ಚಿಂತೆಯಾಗಿ ಬಾಳುತ್ತವೆ, ಅವುಗಳ ಪುಡಿ ಎರಡು ಮೂರು ತಿಂಗಳಿಗೆ ಸೊರಗುತ್ತದೆ.

ಆದರೆ ಎಲ್ಲವೂ ಒಂದೇ ರೀತಿ ಸೊರಗುವುದಿಲ್ಲ, ಮತ್ತು ಇದನ್ನು ತಿಳಿದುಕೊಂಡವರಿಗೆ ಕಪಾಟಿನ ಲೆಕ್ಕ ಸುಲಭವಾಗುತ್ತದೆ. ಕಾಳುಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ಬೇಗ ಹೋಗುವುದಿಲ್ಲ, ಹೋಗುವುದು ಅದರ ಘಮ. ಹಳೆಯ ಮೆಣಸಿನ ಪುಡಿ ನಾಲಿಗೆ ಸುಡುತ್ತದೆ, ಮೂಗಿಗೆ ಮಾತ್ರ ಏನೂ ತಲುಪುವುದಿಲ್ಲ. ಮೆಣಸಿನಕಾಯಿಯಲ್ಲೂ ಖಾರ ಉಳಿದು ಬಣ್ಣ ಹೋಗುತ್ತದೆ, ಬೆಳಕು ಬಿದ್ದಷ್ಟೂ ಬೇಗ ಹೋಗುತ್ತದೆ. ಬಣ್ಣಕ್ಕೆಂದೇ ಹೆಸರಾದ ಬ್ಯಾಡಗಿಯನ್ನು ಪಾರದರ್ಶಕ ಶೀಶೆಯಲ್ಲಿ ಕಿಟಕಿಯ ಪಕ್ಕ ಇಡುವುದರಲ್ಲಿ ಅರ್ಥವಿಲ್ಲ. ಅರಿಶಿನಕ್ಕೆ ಹಳದಿ ಕೊಡುವ ಕುರ್ಕುಮಿನ್ ಕೂಡ ಬೆಳಕಿಗೆ ಹೆದರುವಂಥದ್ದು. ಅರಿಶಿನ ತಾಗಿದ ಬಟ್ಟೆಯನ್ನು ಬಿಸಿಲಿಗೆ ಹಾಕಿದರೆ ಕಲೆ ಮಾಸುವುದನ್ನು ಎಲ್ಲರೂ ನೋಡಿದ್ದೇವೆ, ಡಬ್ಬಿಯೊಳಗೂ ನಡೆಯುವುದು ಅದೇ.

ಸಾಸಿವೆಯದು ಎಲ್ಲಕ್ಕಿಂತ ವಿಶೇಷ. ಅದರ ಘಾಟು ಇಡಿ ಕಾಳಿನಲ್ಲಿ ಇರುವುದೇ ಇಲ್ಲ. ಸಿನಿಗ್ರಿನ್ ಎಂಬ ಸಂಯುಕ್ತವೂ ಮೈರೋಸಿನೇಸ್ ಎಂಬ ಕಿಣ್ವವೂ ಕಾಳಿನೊಳಗೆ ಬೇರೆ ಬೇರೆ ಕೋಶಗಳಲ್ಲಿರುತ್ತವೆ. ನೀರು ಸೇರಿಸಿ ಅರೆದಾಗಲಷ್ಟೇ ಎರಡೂ ಕೂಡಿ ಮೂಗಿಗೇರುವ ಘಾಟು ಹುಟ್ಟುತ್ತದೆ. ಸೌತೆಕಾಯಿ ಸಾಸಿವೆಗೆ ಹಸಿ ಸಾಸಿವೆಯನ್ನು ತೆಂಗಿನಕಾಯಿಯೊಡನೆ ಅರೆದಾಗ ನೆತ್ತಿಗೇರುವುದು ಇದೇ. ಒಗ್ಗರಣೆಯಲ್ಲಿ ಕಿಣ್ವ ಬಿಸಿಗೆ ಸಾಯುವುದರಿಂದ ಘಾಟಿಲ್ಲದೆ ಹುರಿದ ಕಾಳಿನ ರುಚಿ ಮಾತ್ರ ಬರುತ್ತದೆ. ಹೀಗಾಗಿ ಇಡಿ ಸಾಸಿವೆಯನ್ನು ಎಷ್ಟು ದಿನ ಇಟ್ಟರೂ ಅದು ಕಳೆದುಕೊಳ್ಳುವುದು ಅತಿ ಕಡಿಮೆ. ಕಪಾಟಿನಲ್ಲಿ ಧಾರಾಳವಾಗಿ ತುಂಬಿಡಬಹುದಾದ ಪದಾರ್ಥ ಇದೊಂದೇ.

ಇದಕ್ಕೆ ಪೂರ್ತಿ ಎದುರು ದಿಕ್ಕಿನಲ್ಲಿರುವವು ಗಸಗಸೆ, ಎಳ್ಳು, ಗುರೆಳ್ಳು, ಕೊಬ್ಬರಿ. ಇವುಗಳ ಎಣ್ಣೆ ಆರಿಹೋಗುವ ಬದಲು ಹಳಸುತ್ತದೆ. ಕಮಟು ವಾಸನೆ ಒಮ್ಮೆ ಬಂದರೆ ಯಾವ ಹುರಿಯುವಿಕೆಯಿಂದಲೂ ಹೋಗದು, ಬೆರೆಸಿದ ಪುಡಿಯೂ ಕೆಡುತ್ತದೆ. ತಿಪಟೂರಿನ ಒಳ್ಳೆಯ ಕೊಬ್ಬರಿಯನ್ನೇ ತಂದರೂ ತುರಿದ ಮೇಲೆ ಅದನ್ನು ಫ್ರಿಜ್ಜಿನಲ್ಲಿಡುವುದು ಕ್ಷೇಮ. ಹುಳಿಪುಡಿಯಲ್ಲೇ ಕೊಬ್ಬರಿ ಸೇರಿಸಿ ಬೀಸಿಸುವ ಮನೆಗಳಿವೆ. ಅಂಥ ಪುಡಿಯನ್ನು ಒಂದು ತಿಂಗಳಿಗಾಗುವಷ್ಟೇ ಮಾಡಬೇಕು. ಪ್ರಸಂಗ ಬಂದದ್ದರಿಂದ ಒಂದು ಮಾತು ಹೇಳಿಬಿಡುತ್ತೇನೆ: ದುಬೈ, ಅಬುಧಾಬಿಗಳಿಗೆ ಹೋಗುವ ಮಕ್ಕಳ ಚೀಲಕ್ಕೆ ಗಸಗಸೆಯಾಗಲಿ ಗಸಗಸೆ ಬೆರೆತ ಪುಡಿಯಾಗಲಿ ಹಾಕಬೇಡಿ. ಅಲ್ಲಿ ಅದು ನಿಷಿದ್ಧ ಪದಾರ್ಥ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಜೈಲಿನವರೆಗೆ ಹೋಗಬೇಕಾದೀತು. ಅಲ್ಲಿಯ ನಮ್ಮವರು ಸಾಗಿಗೆ ಗೋಡಂಬಿ ಅರೆದು ಹಾಕುತ್ತಾರೆ.

ಎಲ್ಲವನ್ನೂ ಮನೆಯಲ್ಲೇ ಪುಡಿ ಮಾಡಬೇಕೆಂಬ ಹಟ ನನಗಿಲ್ಲ. ಅರಿಶಿನದ ಕೊನೆ ಕಲ್ಲಿನಷ್ಟು ಗಟ್ಟಿ, ಮನೆಯ ಮಿಕ್ಸಿಯ ಬ್ಲೇಡು ಅದಕ್ಕೆ ಸೋಲುತ್ತದೆ. ನಂಬಿಕೆಯ ಕಡೆಯಿಂದ ಅಗ್‌ಮಾರ್ಕ್ ಇರುವ ಪುಡಿಯನ್ನೇ ಸಣ್ಣ ಪೊಟ್ಟಣಗಳಲ್ಲಿ ತರುವುದು ಒಳ್ಳೆಯದು. ಅರಿಶಿನಕ್ಕೆ ಹೊಳಪು ಬರಲೆಂದು ಕೃತಕ ಬಣ್ಣ ಬೆರೆಸುವ ಕಲಬೆರಕೆ ಇರುವುದರಿಂದ, ಹೊಸ ಪೊಟ್ಟಣ ತಂದಾಗ ಒಂದು ಲೋಟ ನೀರಿಗೆ ಅರ್ಧ ಚಮಚ ಉದುರಿಸಿ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು. ಒಳ್ಳೆಯ ಪುಡಿ ತಳಕ್ಕಿಳಿದು ನೀರು ತೆಳುಹಳದಿಯಾಗುತ್ತದೆ. ನೀರೆಲ್ಲ ಗಾಢ ಹಳದಿಯಾದರೆ ಆ ಪೊಟ್ಟಣ ಬೇಡ. ಇಂಗಂತೂ ಶುದ್ಧ ರೂಪದಲ್ಲಿ ನಮ್ಮ ಅಡುಗೆಮನೆಗೆ ಬರುವುದೇ ಅಪರೂಪ. ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನಗಳಿಂದ ಬರುವ ಆ ಗಿಡದ ಹಾಲಂಟಿಗೆ ಗೋಂದು, ಮೈದಾ ಅಥವಾ ಅಕ್ಕಿ ಹಿಟ್ಟು ಕೂಡಿಸಿಯೇ ನಾವು ಕೊಳ್ಳುವ ಇಂಗು ತಯಾರಾಗುವುದು. ಗೋಧಿ ಆಗದವರು ಮನೆಯಲ್ಲಿದ್ದರೆ ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿ ಕೊಳ್ಳಬೇಕು. ನಮ್ಮ ದೇಶದಲ್ಲೇ ಇದನ್ನು ಬೆಳೆಯುವ ಪ್ರಯತ್ನವನ್ನು ಪಾಲಂಪುರದ ಸರ್ಕಾರಿ ಸಂಶೋಧನಾ ಸಂಸ್ಥೆ 2020ರ ಅಕ್ಟೋಬರ್‌ನಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟು ಆರಂಭಿಸಿತು. ಬೇರಿನಿಂದ ಅಂಟು ಇಳಿಸಲು ಗಿಡ ವರ್ಷಗಟ್ಟಲೆ ಬಲಿಯಬೇಕು.

ಗ್ರಂಧಿಗೆ ಅಂಗಡಿಯ ಮುಂದೆ

ಪಟ್ಟಿ ಕಳಿಸುವ ಬದಲು, ಹುಡುಗಿ ಊರಿಗೆ ಬಂದಾಗ ಅವಳನ್ನು ಬೆಂಗಳೂರಿನ ಗಾಂಧಿಬಜಾರಿಗೆ ಕರೆದುಕೊಂಡು ಹೋದೆ. ಅಲ್ಲಿ ನಾನು ಬಹಳ ವರ್ಷಗಳಿಂದ ಹೋಗುವ ಗ್ರಂಧಿಗೆ ಅಂಗಡಿಯೊಂದಿದೆ. ಒಂದು ಕಡೆ ಕುಂಕುಮ, ಗೆಜ್ಜೆವಸ್ತ್ರ, ಕರ್ಪೂರ. ಇನ್ನೊಂದು ಕಡೆ ಜ್ಯೇಷ್ಠಮಧು, ಹಿಪ್ಪಲಿ, ಬಜೆ. ನಡುವೆ ಬಾಯಿ ಮಡಚಿದ ಗೋಣಿಚೀಲಗಳಲ್ಲಿ ಸಾಂಬಾರ ಸಾಮಾನು. ಹೊಸ ಬ್ಯಾಡಗಿ ಬಂದಿದೆಯೇ ಎಂದು ಕೇಳಿದ್ದಕ್ಕೆ ಅಂಗಡಿಯ ಶೆಟ್ಟರು ಚೀಲದಿಂದ ಎರಡು ಕಾಯಿ ತೆಗೆದು ಹುಡುಗಿಯ ಅಂಗೈಯಲ್ಲಿಟ್ಟರು. “ಎರಡೂ ಬಗ್ಗಿಸಿ ನೋಡಮ್ಮ.” ಒಂದು ಚಟ್ಟನೆ ಮುರಿದು ಪುಡಿಯಾಯಿತು, ಬೀಜ ನೆಲಕ್ಕೆ ಚೆಲ್ಲಿತು. ಇನ್ನೊಂದು ತೊಗಲಿನಂತೆ ಬಾಗಿ ಮತ್ತೆ ನೆಟ್ಟಗಾಯಿತು. “ಮುರೀತಲ್ಲ, ಅದು ಹೋದ ವರ್ಷದ್ದು. ಬಾಗಿದ್ದು ಈ ವರ್ಷದ್ದು, ಇನ್ನೂ ಹಸಿ ಇದೆ. ಹದಿನೈದು ದಿನ ಬಿಟ್ಟು ಬನ್ನಿ, ಒಣಗಿರತ್ತೆ” ಎಂದರು. ಮಾಲು ಕೈಯಲ್ಲಿದ್ದೂ ಹದಿನೈದು ದಿನ ಬಿಟ್ಟು ಬನ್ನಿ ಎನ್ನುವ ಅಂಗಡಿಯವರನ್ನು ನಾನು ಯಾವತ್ತೂ ಬಿಡುವುದಿಲ್ಲ.

ಈ ಪರೀಕ್ಷೆ ಮುಖ್ಯವಾದದ್ದು. ಬ್ಯಾಡಗಿಯ ಸುತ್ತಮುತ್ತ ಈಗ ಶೀತಲಗೃಹಗಳು ತುಂಬಾ ಇವೆ. ದರಕ್ಕಾಗಿ ಕಾದಿಟ್ಟ ಹಿಂದಿನ ವರ್ಷದ ಕಾಯಿ ಹೊಸ ಸುಗ್ಗಿಯಲ್ಲಿ ಹೊಸದರ ಜೊತೆಗೇ ಮಾರುಕಟ್ಟೆಗೆ ಬರುತ್ತದೆ. ಶೀತಲಗೃಹದಲ್ಲಿಟ್ಟ ಕಾಯಿ ಕೆಟ್ಟದ್ದೇನೂ ಅಲ್ಲ, ಬಣ್ಣ ಚೆನ್ನಾಗಿಯೇ ಉಳಿದಿರುತ್ತದೆ. ಆದರೆ ಹೊರಗೆ ತೆಗೆದ ಮೇಲೆ ಅದು ಬೇಗ ಮಂಕಾಗುವುದರಿಂದ ಅದನ್ನು ವರ್ಷಕ್ಕೆಂದು ಕೊಳ್ಳಬಾರದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಅದರಲ್ಲೂ ಗಿಡ್ಡಗೆ ಉಬ್ಬಿಕೊಂಡು ಬೀಜ ಹೆಚ್ಚಿರುವ ಡಬ್ಬಿ, ಉದ್ದನೆಯ ತೆಳು ಕಡ್ಡಿ ಎಂದು ಎರಡು ಬಗೆ. ಸಾರಿನ ಪುಡಿಗೆ ನಾನು ಡಬ್ಬಿಯನ್ನೇ ಆರಿಸುತ್ತೇನೆ, ಖಾರಕ್ಕೆಂದು ಕಾಲುಭಾಗ ಗುಂಟೂರು ಸೇರಿಸುತ್ತೇನೆ. ಅಂಗೈಯಲ್ಲಿ ಉಜ್ಜಿದಾಗ ಎಣ್ಣೆ ಅಂಟಿ ಹೊಳೆಯುವ ಕಾಯಿಯನ್ನು ಮುಟ್ಟುವುದಿಲ್ಲ, ಹೊಳಪಿಗಾಗಿ ಎಣ್ಣೆ ಸವರಿ ಮಾರುವುದುಂಟು. ತೊಟ್ಟಿನ ಬುಡ ಕಪ್ಪಗಿದ್ದು ಬಿಡಿಸಿದಾಗ ಒಳಗೆ ಬೂದಿಯಂಥ ಬೂಷ್ಟು ಕಂಡರೆ ಅಂಥದ್ದನ್ನು ಮನೆಗೇ ತರಬಾರದು. ಒದ್ದೆ ನೆಲದಲ್ಲಿ ಒಣಗಿದ ಕಾಯಿಯ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ಹುರಿದರೂ ಕುದಿಸಿದರೂ ಪೂರ್ತಿ ನಾಶವಾಗುವುದಿಲ್ಲ.

ಅಂದು ಶೆಟ್ಟರು ಹುಡುಗಿಗೆ ಇನ್ನಷ್ಟು ತೋರಿಸಿದರು. ಲವಂಗವನ್ನು ಉಗುರಿನಿಂದ ಒತ್ತಿದರೆ ಎಣ್ಣೆಯ ಪಸೆ ಕಾಣಬೇಕು. ಕಾಣದೆ ಹಗುರಾಗಿ ಸುಕ್ಕುಗಟ್ಟಿದ್ದರೆ ಎಣ್ಣೆ ತೆಗೆದು ಉಳಿದ ಚರಟ. ಕಾಳುಮೆಣಸು ನೀರಿನಲ್ಲಿ ಮುಳುಗಬೇಕು. ತೇಲುವುದು ಜೊಳ್ಳು, ಇಲ್ಲವೇ ಪಪಾಯಿಯ ಬೀಜ. ಚಕ್ಕೆಯಲ್ಲಿ ಒಂದೇ ಪದರದ ದಪ್ಪ ಗಡುಸಾದದ್ದು ಕ್ಯಾಸಿಯಾ, ಕಾಗದದಂಥ ಪದರಗಳು ಸುರುಳಿ ಸುತ್ತಿ ಕೈಯಲ್ಲೇ ಮುರಿಯುವಂಥದ್ದು ನಿಜವಾದ ದಾಲ್ಚಿನ್ನಿ. ಬಿಸಿಬೇಳೆ ಬಾತಿಗೆ, ಪಲಾವಿಗೆ ಕ್ಯಾಸಿಯಾದ ಜೋರು ರುಚಿ ಒಪ್ಪುತ್ತದೆ. ದಿನವೂ ಚಹಾಕ್ಕೆ ಹಾಕುವವರು ಮಾತ್ರ ಎರಡನೆಯದನ್ನು ಆರಿಸಲಿ, ಏಕೆಂದರೆ ಕ್ಯಾಸಿಯಾದಲ್ಲಿರುವ ಕೂಮರಿನ್ ಅಂಶ ನಿತ್ಯವೂ ಹೆಚ್ಚಾಗಿ ಹೋದರೆ ಯಕೃತ್ತಿಗೆ ಒಳ್ಳೆಯದಲ್ಲ. ಕೊತ್ತಂಬರಿ ಬೀಜದಲ್ಲಿ ಹಸಿರು ಛಾಯೆ ಇರಬೇಕು, ಎರಡು ಬೆರಳಲ್ಲಿ ಹಿಸುಕಿದರೆ ನಿಂಬೆಯನ್ನು ನೆನಪಿಸುವ ಘಮ ಬರಬೇಕು.

ಆಮೇಲೆ ಹುಡುಗಿ ಒಂದು ಒಳ್ಳೆಯ ಮಾತು ಕೇಳಿದಳು: “ದೊಡ್ಡಮ್ಮ, ನಮ್ಮನೇಲಿ ಅವರಿಗೆ ಶೇಂಗಾ ಹಿಂಡಿ ಬೇಕೇ ಬೇಕು, ನನಗೆ ಸಾರಿಲ್ಲದೆ ಆಗಲ್ಲ. ಎರಡಕ್ಕೂ ಸೇರಿಸಿ ಹೇಗೆ?” ಅವಳ ಗಂಡ ಧಾರವಾಡದ ಕಡೆಯವನು, ಅಲ್ಲಿಯವರ ಹಿಂಡಿ ಎಂದರೆ ನಮ್ಮ ಚಟ್ನಿಪುಡಿ. ಅಲ್ಲಿಯ ಕಪಾಟೇ ಬೇರೆ. ಗುರೆಳ್ಳು, ಅಗಸಿ, ಶೇಂಗಾ, ಎಳ್ಳು, ಒಣಕೊಬ್ಬರಿ, ಬೆಳ್ಳುಳ್ಳಿ, ಮಸಾಲಿ ಖಾರ ಅಲ್ಲಿ ನಿತ್ಯದ ಸಾಮಾನು. ಮಂಗಳೂರಿನ ಕಡೆ ಹೋದರೆ ಪುಡಿಗಿಂತ ಅರೆಯುವುದೇ ಹೆಚ್ಚು. ಕೊತ್ತಂಬರಿ, ಜೀರಿಗೆ, ಮೆಂತೆ, ಮೆಣಸುಗಳನ್ನು ಅಂದಂದೇ ಹುರಿದು ಹಸಿ ತೆಂಗಿನಕಾಯಿಯೊಡನೆ ರುಬ್ಬುವ ಮನೆಗಳಲ್ಲಿ ಪುಡಿಯ ಡಬ್ಬಿಗಳಿಗೆ ಕೆಲಸವೇ ಕಡಿಮೆ, ಹುಳಿಗೆ ಪುನರ್ಪುಳಿಯೂ ಬೇಕು. ಮನೆಯಲ್ಲಿ ವಾರಕ್ಕೆ ಏಳು ದಿನ ಏನು ಬೇಯುತ್ತದೆ ಎಂದು ಬರೆದುಕೊಂಡ ಮೇಲೆಯೇ ಸಾಮಾನಿನ ಚೀಟಿ ಬರೆಯಬೇಕು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಪುಣೆಯಲ್ಲಿ ಅವಳಿಗೆ ತೊಂದರೆಯಿಲ್ಲ. ಬ್ಯಾಡಗಿಯನ್ನು ಅಲ್ಲಿಯವರು ಬೇಡಗಿ ಎಂದು ಕರೆದು ಪ್ರೀತಿಯಿಂದ ಬಳಸುತ್ತಾರೆ, ನಮ್ಮ ಕಲ್ಲುಹೂವು ಅಲ್ಲಿ ದಗಡ್ ಫೂಲ್ ಆಗಿ ಪ್ರತಿ ಅಂಗಡಿಯಲ್ಲೂ ಸಿಗುತ್ತದೆ. ಮರಾಠಿ ಮೊಗ್ಗು, ಜಾಪತ್ರೆ, ಜಾಯಿಕಾಯಿ, ಚಕ್ರಮೊಗ್ಗುಗಳನ್ನು ಮೊದಲ ವರ್ಷ ಹತ್ತು ಹತ್ತು ಗ್ರಾಂ ಮಾತ್ರ ಕಟ್ಟಿಸಿಕೊಟ್ಟೆ.

ಎಷ್ಟು, ಎಲ್ಲಿ

ಪ್ರಮಾಣದ ಲೆಕ್ಕವನ್ನು ಯಾರೂ ಹೇಳಿಕೊಡುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತೇನೆ. ಇಬ್ಬರ ಸಾರಿಗೆ ದಿನಕ್ಕೆ ಎರಡು ಸಣ್ಣ ಚಮಚ ಪುಡಿ ಎಂದರೆ ಸುಮಾರು ಐದು ಗ್ರಾಂ. ತಿಂಗಳಿಗೆ 150 ಗ್ರಾಂ. ಎರಡು ತಿಂಗಳಿಗೆ 300 ಗ್ರಾಂ ಮಾಡಿಕೊಂಡರೆ ಪುಡಿ ಯಾವಾಗಲೂ ಹೊಸದಾಗಿಯೇ ಇರುತ್ತದೆ, ಮತ್ತು ಅಷ್ಟನ್ನು ಮನೆಯ ಮಿಕ್ಸಿಯಲ್ಲೇ ಮಾಡಬಹುದು. ನಮ್ಮ ಮನೆಯ ಅಳತೆಯಲ್ಲಿ 120 ಗ್ರಾಂ ಕೊತ್ತಂಬರಿ ಬೀಜಕ್ಕೆ 120 ಗ್ರಾಂ ಮೆಣಸಿನಕಾಯಿ, 25 ಗ್ರಾಂ ಜೀರಿಗೆ, 12 ಗ್ರಾಂ ಮೆಂತ್ಯ, 12 ಗ್ರಾಂ ಕಾಳುಮೆಣಸು, ಒಂದು ಚಮಚ ಸಾಸಿವೆ, ಎರಡು ಹಿಡಿ ಕರಿಬೇವು. ಸಾಸಿವೆ ತಿಂಗಳಿಗೆ 100 ಗ್ರಾಂ ಸಾಕು, ಅರಿಶಿನದ ಪುಡಿ 50 ಗ್ರಾಂ ಮಿಕ್ಕರೂ ಮಿಕ್ಕೀತು. ಅರ್ಧ ಕೆಜಿಯ ಪೊಟ್ಟಣ ಅಗ್ಗವೆಂದು ಅರಿಶಿನ ಕೊಂಡರೆ ಅದರ ಕೊನೆಯ ಭಾಗ ಬಣ್ಣ ಕಳೆದುಕೊಂಡೇ ಖರ್ಚಾಗುತ್ತದೆ.

ಇಡುವ ಜಾಗದ ವಿಷಯದಲ್ಲಿ ಈಗಿನ ಅಡುಗೆಮನೆಗಳನ್ನು ಕಟ್ಟುವವರ ಮೇಲೆ ನನಗೆ ನಿಜವಾದ ಅಸಮಾಧಾನವಿದೆ. ಒಲೆಯ ಮೇಲಿನ ಅಥವಾ ಪಕ್ಕದ ಕಪಾಟನ್ನೇ ಮಸಾಲೆಗೆಂದು ಮೀಸಲಿಡುತ್ತಾರೆ. ಬಿಸಿ, ಹಬೆ, ಬೆಳಕು, ಸಾಂಬಾರ ಪದಾರ್ಥವನ್ನು ಕೆಡಿಸುವ ಮೂರೂ ಕೂಡಿರುವ ಜಾಗ ಅದೊಂದೇ. ಹಳೆಯ ಒಗ್ಗರಣೆ ಡಬ್ಬಿಯ ಏರ್ಪಾಡು ಇದಕ್ಕಿಂತ ಎಷ್ಟೋ ವಿವೇಕದ್ದು. ದುಂಡನೆಯ ಸ್ಟೀಲ್ ಡಬ್ಬಿಯೊಳಗೆ ಏಳು ಬಟ್ಟಲು: ಸಾಸಿವೆ, ಜೀರಿಗೆ, ಉದ್ದಿನಬೇಳೆ, ಕಡಲೆಬೇಳೆ, ಮೆಂತ್ಯ, ಅರಿಶಿನ, ಮುರಿದ ಮೆಣಸಿನಕಾಯಿ. ಒಲೆಯ ಪಕ್ಕ ಇರುವುದು ಇದೊಂದೇ, ಅದೂ ಒಂದು ವಾರಕ್ಕಾಗುವಷ್ಟು ಮಾತ್ರ. ಮಿಕ್ಕ ದಾಸ್ತಾನೆಲ್ಲ ಒಲೆಯಿಂದ ದೂರದ, ಕತ್ತಲೆಯ, ತಂಪಾದ ಕಪಾಟಿನಲ್ಲಿ. ಡಬ್ಬಿ ಖಾಲಿಯಾದ ಮೇಲೆ ತೊಳೆದು, ಒರೆಸಿ, ಒಂದು ಹೊತ್ತು ಬಿಸಿಲಿಗಿಟ್ಟು ಮತ್ತೆ ತುಂಬುವುದರಿಂದ ಹಳೆಯದು ತಳದಲ್ಲಿ ಉಳಿಯುವುದೇ ಇಲ್ಲ. ಕುದಿಯುವ ಪಾತ್ರೆಯ ಮೇಲೆಯೇ ಪುಡಿಯ ಡಬ್ಬ ಬಗ್ಗಿಸಿ ಉದುರಿಸುವ ಅಭ್ಯಾಸವನ್ನು ಮಾತ್ರ ಬಿಡಲೇಬೇಕು, ಗಂಟು ಕಟ್ಟುವುದು ಅಲ್ಲಿಂದಲೇ.

ಕೊತ್ತಂಬರಿ ಬೀಜ, ಮೆಣಸಿನಕಾಯಿ, ಅರಿಶಿನದ ಕೊನೆಗಳಿಗೆ ಹತ್ತುವ ಕಂದುಬಣ್ಣದ ಪುಟ್ಟ ಹುಳು ತಂಬಾಕಿಗೂ ಹತ್ತುವಂಥದ್ದು. ಅದರ ಮೊಟ್ಟೆ ಅಂಗಡಿಯಿಂದಲೇ ಬಂದಿರುತ್ತದೆ. ಮಳೆಗಾಲದ ಬೆಚ್ಚನೆಯ ತೇವ ಸಿಕ್ಕಾಗ ಒಡೆಯುತ್ತದೆ. ಬಿಸಿಲಿರುವ ಊರಿನವರು ತಂದ ಕೂಡಲೇ ಎರಡು ದಿನ ಒಣಗಿಸಿದರೆ ಸಾಕು. ಬಿಸಿಲು ಬೀಳದ ಮನೆಯವರು ಗಾಳಿಯಾಡದ ಚೀಲದಲ್ಲಿ ಕಟ್ಟಿ ಒಂದು ವಾರ ಫ್ರೀಜರಿನಲ್ಲಿಟ್ಟು, ಹೊರತೆಗೆದ ಮೇಲೆ ಚೀಲ ಪೂರ್ತಿ ಬೆಚ್ಚಗಾಗುವವರೆಗೆ ಬಿಚ್ಚದೆ ಇರಬೇಕು. ತಣ್ಣಗಿರುವಾಗ ಬಿಚ್ಚಿದರೆ ಗಾಳಿಯ ತೇವ ಅದರ ಮೇಲೆ ಕೂರುತ್ತದೆ.

ಡಬ್ಬಿಗೆ ಬಾರದವು

ಕರಿಬೇವು, ಕೊತ್ತಂಬರಿ ಸೊಪ್ಪು, ಪುದೀನ, ದೊಡ್ಡಪತ್ರೆ, ಮಜ್ಜಿಗೆ ಹುಲ್ಲು ಇವನ್ನು ಒಣಗಿಸಿ ಶೀಶೆಗೆ ತುಂಬುವುದರಲ್ಲಿ ನನಗೆ ನಂಬಿಕೆಯಿಲ್ಲ. ಒಣಗಿದ ಕೊತ್ತಂಬರಿ ಸೊಪ್ಪಿನಲ್ಲಿ ಉಳಿಯುವುದು ಹುಲ್ಲು ಮಾತ್ರ. ಕರಿಬೇವನ್ನು ತೊಳೆದು, ನೀರಿನ ಪಸೆಯಿಲ್ಲದಂತೆ ಆರಿಸಿ ಫ್ರೀಜರಿನಲ್ಲಿಟ್ಟರೆ ಎಲೆ ಕಪ್ಪಾದರೂ ಘಮ ಇರುತ್ತದೆ. ದೊಡ್ಡಪತ್ರೆಗಂತೂ ಒಂದು ಕಡ್ಡಿ ಚುಚ್ಚಿದರೆ ಸಾಕು, ಬಾಲ್ಕನಿಯ ಅರ್ಧ ಬಿಸಿಲಿನಲ್ಲೂ ಚಿಗುರುತ್ತದೆ. ತಂಬುಳಿಗೆ ನಾಲ್ಕು ಎಲೆ, ಮಗುವಿನ ಕೆಮ್ಮಿಗೆ ಎರಡು ಎಲೆ ಎಂದು ಕಿತ್ತಷ್ಟೂ ಬರುತ್ತದೆ. ಸೊಪ್ಪುಗಳಲ್ಲಿ ಒಣಗಿಯೂ ತನ್ನತನ ಉಳಿಸಿಕೊಳ್ಳುವುದು ಮೆಂತ್ಯದ ಸೊಪ್ಪು. ಅದನ್ನು ಚಳಿಗಾಲದಲ್ಲಿ ಅಗ್ಗವಾಗಿ ಸಿಕ್ಕಾಗ ನೆರಳಿನಲ್ಲಿ ಒಣಗಿಸಿ ಇಟ್ಟುಕೊಳ್ಳಬಹುದು.

ಏಲಕ್ಕಿಯ ಸರದಿ

ಯುಗಾದಿಯ ಲೆಕ್ಕಕ್ಕೆ ಸಿಗದೆ ಉಳಿಯುವುದು ಏಲಕ್ಕಿ. ಸಕಲೇಶಪುರ, ಮೂಡಿಗೆರೆ, ಕೊಡಗಿನ ತೋಟಗಳಲ್ಲಿ ಅದರ ಕೊಯ್ಲು ಮಳೆ ಇಳಿಮುಖವಾಗುವ ಆಗಸ್ಟಿನ ಹೊತ್ತಿಗೆ ಶುರುವಾಗಿ ವರ್ಷದ ಕೊನೆಯವರೆಗೂ ಕಂತುಕಂತಾಗಿ ನಡೆಯುತ್ತದೆ. ಮಾಗಿದಷ್ಟನ್ನೇ ಕೈಯಿಂದ ಆರಿಸಿ, ಗೂಡಿನಲ್ಲಿ ಬಿಸಿಗಾಳಿಗೆ ಒಣಗಿಸಿದಾಗ ಹಸಿರು ಉಳಿಯುತ್ತದೆ. ಆದ್ದರಿಂದ ಅದನ್ನು ಕೊಳ್ಳಬೇಕಾದದ್ದು ದಸರೆ, ದೀಪಾವಳಿಯ ನಡುವೆ. ಸಣ್ಣ ಸಂಸಾರಕ್ಕೆ ವರ್ಷಕ್ಕೆ 50 ಗ್ರಾಂ ಧಾರಾಳ. ಕಾಯಿ ಬಿರಿದಿರಬಾರದು, ಅಲುಗಾಡಿಸಿದರೆ ಬೀಜ ಗಿಲಕಿಯಾಡಬಾರದು, ಬಿಡಿಸಿದಾಗ ಒಳಗಿನ ಬೀಜ ಕಪ್ಪಗೆ ಒಂದಕ್ಕೊಂದು ಅಂಟಿಕೊಂಡಿರಬೇಕು. ಹಾವೇರಿಯ ಏಲಕ್ಕಿ ಹಾರಕ್ಕೆ ಪೋಣಿಸುವ ದಪ್ಪ ಬಿಳಿಚಿದ ಕಾಯಿ ನೋಡಲು ಅಂದವಾಗಿರುತ್ತದೆ, ಅಡುಗೆಗೆ ಮಾತ್ರ ಹಸಿರು ಕಾಯಿಯೇ ಮೇಲು. ಅದನ್ನು ಸಿಪ್ಪೆಸಹಿತ ಬಿಗಿ ಮುಚ್ಚಳದ ಸಣ್ಣ ಡಬ್ಬಿಯಲ್ಲಿಟ್ಟು, ಪಾಯಸಕ್ಕೆ ಬೇಕಾದಾಗ ಅಷ್ಟನ್ನೇ ಬಿಡಿಸಿ, ಬೀಜಕ್ಕೆ ಒಂದು ಚಿಟಿಕೆ ಸಕ್ಕರೆ ಸೇರಿಸಿ ಕುಟ್ಟಬೇಕು. ಬಿಡಿಸಿದ ಸಿಪ್ಪೆಯನ್ನು ಚಹಾಪುಡಿಯ ಡಬ್ಬಿಗೆ ಹಾಕಿಡಿ.